ಧರ್ಣಪ್ಪ ಗೌಡರ ಊರ ಹೋರಿ

ಧರ್ಣಪ್ಪ ಗೌಡರನ್ನು ನಾನು ಮೊದಲು ಕಂಡದ್ದು ಐವತ್ತೆಂಟನೇ ಇಸವಿಯ ಜನವರಿಯಲ್ಲಿ, ಊರಿನ ಜಾನುವಾರುಗಳ ಪಟ್ಟಿ ಬರೆಯಲು ಹೋದಾಗ. ಕಕ್ಕಿಂಜೆಯಿಂದ ಗುಡ್ಡೆಯ ಕಡೆಗೆ ಎರಡು ಮೈಲು ಒಳಗೆ, ನೀರಪಲ್ಕೆ ಎಂಬಲ್ಲಿ ಅವರ ಮನೆ. ನನಗೆ ಆಗ ಇಪ್ಪತ್ತಮೂರು ವರ್ಷ. ಮೂಡಬಿದಿರೆ ಹತ್ತಿರದ ಮಿಜಾರಿನವನು. ತರಬೇತಿ ಮುಗಿಸಿ ಕಕ್ಕಿಂಜೆಯ ಸರಕಾರಿ ಪಶು ಕೇಂದ್ರಕ್ಕೆ ಸ್ಟಾಕ್‌ಮನ್ ಆಗಿ ಬಂದಿದ್ದೆ. ದನಕ್ಕೆ ಚುಚ್ಚುಮದ್ದು ಹಾಕುವುದು, ಗಾಯಕ್ಕೆ ಮುಲಾಮು ಹಚ್ಚುವುದು, ಕಾಗದ ತುಂಬಿಸುವುದು ನನ್ನ ಕೆಲಸ. ಊರವರು ನನ್ನನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೊದಲ ವಾರ ಎಲ್ಲರಿಗೂ ಹೇಳಿದೆ. ಎರಡನೇ ವಾರ ಹೇಳುವುದನ್ನು ಬಿಟ್ಟೆ.

ಗೌಡರಿಗೆ ಐವತ್ತರ ಆಸುಪಾಸು. ಕುಳ್ಳ ಮನುಷ್ಯ, ಮಾತು ನಿಧಾನ. ಅವರ ಹಟ್ಟಿಯಲ್ಲಿ ಏಳು ದನ, ಉಳುವುದಕ್ಕೆ ಒಂದು ಜೊತೆ ಕೋಣ, ಮತ್ತೆ ಒಂದು ಹೋರಿ. ದನಗಳೆಲ್ಲ ನನ್ನ ಸೊಂಟದೆತ್ತರ. ಹೋರಿ ಅದಕ್ಕಿಂತ ನಾಲ್ಕು ಬೆರಳು ಹೆಚ್ಚು, ಮೈಯೆಲ್ಲ ಕಪ್ಪು. ನೀರಪಲ್ಕೆಯ ಹದಿನಾಲ್ಕು ಮನೆಗಳ ದನಗಳಿಗೂ ಅದೊಂದೇ ಹೋರಿ.

"ಗೌಡ್ರೇ, ನಿಮ್ಮ ದನ ಯಾವ ತಳಿ?" ಎಂದು ಕೇಳಿದೆ. ಕಾಗದದಲ್ಲಿ ಹಾಗೊಂದು ಕಾಲಂ ಇತ್ತು.

"ತಳಿ ಅಂದ್ರೆ ಎಂತದು?"

"ಜಾತಿ. ಸಿಂಧಿಯೋ, ಅಮೃತಮಹಲೋ, ಹೀಗೆ."

"ಇದು ದನ," ಎಂದರು ಅವರು. ನನಗೆ ಅರ್ಥವಾಗಲಿಲ್ಲ ಎಂದುಕೊಂಡು ಇನ್ನೂ ಸ್ವಲ್ಪ ನಿಧಾನವಾಗಿ ಹೇಳಿದರು, "ಊರಿನ ದನ."

ಊರಿನ ದನಕ್ಕೆ 'ತಳಿ ಇಲ್ಲ' ಎಂದು ಬರೆಯಬೇಕೆಂದು ನಮಗೆ ಹೇಳಿದ್ದರು. ನಾನು ಹಾಗೆಯೇ ಬರೆದೆ. ಏನು ಬರೆದಿರಿ ಎಂದು ಕೇಳಿದಾಗ ಓದಿ ಹೇಳಿದೆ. ಗೌಡರು ನಕ್ಕರು. ಅವರ ಹೆಂಡತಿ ಅಮ್ಮಣಿಯಕ್ಕ ಬೆಲ್ಲ, ನೀರು ತಂದಿಟ್ಟವರು ನಗಲಿಲ್ಲ. "ಏಳಕ್ಕೂ ತಾಯಿ ಯಾವುದು, ಅಜ್ಜಿ ಯಾವುದು ಅಂತ ನಾನು ಹೇಳ್ತೇನೆ. ಬರೀತೀರಾ?" ಎಂದರು. ಬರೆಯಲು ಕಾಗದದಲ್ಲಿ ಜಾಗ ಇರಲಿಲ್ಲ.

ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಇಷ್ಟು ಸಣ್ಣ ದನವನ್ನು ಯಾಕೆ ಸಾಕುತ್ತಾರೆ ಎಂಬುದು ನನಗೆ ತಿಳಿಯಬೇಕಿತ್ತು. ಒಂದೊಂದು ದನ ಹೊತ್ತಿಗೆ ಎರಡು ಕುಡ್ತೆ, ಎರಡು ಲೋಟದಷ್ಟು, ಹಾಲು ಕೊಟ್ಟರೆ ಹೆಚ್ಚು. ತರಬೇತಿಯಲ್ಲಿ ಇಂಥ ದನಗಳ ಚಿತ್ರ ತೋರಿಸಿ ನಮ್ಮನ್ನು ನಗಿಸಿದ್ದರು.

"ಹಾಲಿಗೆ ಅಂತ ಯಾರು ಸಾಕ್ತಾರೆ ಡಾಕ್ಟ್ರೇ?" ಎಂದು ಗೌಡರು ಕೇಳಿದರು. "ನನಗೆ ಬೇಕಾದ್ದು ಗೊಬ್ಬರ. ಹಾಲು ಬಂದ್ರೆ ಮಜ್ಜಿಗೆಗಾಯ್ತು. ಬೆಳಿಗ್ಗೆ ಹಗ್ಗ ಬಿಚ್ಚಿ ಬಿಟ್ರೆ ಅವೇ ಗುಡ್ಡೆ ಹತ್ತುತ್ತವೆ, ಅವೇ ಮೇಯ್ತವೆ, ಸಂಜೆ ಅವೇ ಬರ್ತವೆ. ನನ್ನದು ಹಟ್ಟಿಗೆ ಸೊಪ್ಪು ಹಾಕುವುದು ಮಾತ್ರ. ಇದ್ದ ಬೈಹುಲ್ಲು ಕೋಣಕ್ಕೇ ಸಾಕಾಗುವುದಿಲ್ಲ."

ಆಮೇಲೆ ಅವರು ಘಟ್ಟದ ದನದ ಕಥೆ ಹೇಳಿದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಮದುವೆಯಾದ ಹೊಸತರಲ್ಲಿ, ಚಾರ್ಮಾಡಿ ಘಾಟಿ ಹತ್ತಿ ಮೇಲಿನ ಸಂತೆಗೆ ಹೋಗಿ ಒಂದು ದೊಡ್ಡ ಬಿಳಿ ದನ ತಂದಿದ್ದರಂತೆ. ಮೂರು ದಿನ ನಡೆಸಿಕೊಂಡು ಬಂದದ್ದು. ಊರಿನವರೆಲ್ಲ ಬಂದು ನೋಡಿದರು. ಬೇಸಿಗೆ ಕಳೆಯಿತು. ಆಟಿ ತಿಂಗಳ ಮಳೆಯಲ್ಲಿ ಅದರ ಗೊರಸು ಕೊಳೆಯಿತು. ಗುಡ್ಡೆಗೆ ಹತ್ತಲಾಗದು, ಗದ್ದೆಗೆ ಬಿಟ್ಟರೆ ಅಂಚು ಜರಿಯಿತು, ಕಾಲು ಹೂತಿತು. ನಿಂತಲ್ಲಿಗೆ ಹುಲ್ಲು ತಂದು ಹಾಕಬೇಕು. ಅಮ್ಮಣಿಯಕ್ಕ ದಿನವಿಡೀ ಹುಲ್ಲು ಹೆರೆದರೂ ಅದರ ಪಕ್ಕೆಲುಬು ಎಣಿಸಬಹುದಾಗಿತ್ತು. ಮುಂದಿನ ಸೋಣ ತಿಂಗಳು ಬರುವ ಮೊದಲೇ ಅದು ಸತ್ತಿತು.

"ಅದರ ತಪ್ಪಲ್ಲ," ಎಂದರು ಗೌಡರು. "ಅದು ಅದರ ಊರಲ್ಲಿ ಒಳ್ಳೇ ದನವೇ. ನಾನು ತಂದದ್ದು ತಪ್ಪು."

ಅಂದಿನಿಂದ ಅವರು ಹೋರಿಕರುವನ್ನು ಆರಿಸಿ ಉಳಿಸಿಕೊಳ್ಳತೊಡಗಿದರು. ಕರುವಿಗಿಂತ ಹೆಚ್ಚಾಗಿ ತಾಯಿಯನ್ನು ನೋಡುತ್ತಿದ್ದರು. ಯಾವ ದನ ಮಳೆಗಾಲದಲ್ಲಿ ಮೈ ಇಳಿಯುವುದಿಲ್ಲ, ಯಾವುದು ಗುಡ್ಡೆಯಲ್ಲಿ ಮುಂದೆ ಹೋಗುತ್ತದೆ, ಯಾವುದು ಯಾರ ಸಹಾಯವೂ ಇಲ್ಲದೆ ಕರು ಹಾಕುತ್ತದೆ, ಅದರ ಮಗನೇ ಮುಂದಿನ ಹೋರಿ. ಉಳಿದ ಕರುಗಳನ್ನು ಕೊಟ್ಟುಬಿಡುವುದು. ಈ ಕಪ್ಪು ಹೋರಿ ಹಾಗೆ ಬಂದ ಐದನೆಯದು.

ಮರುವರ್ಷ ಮೇಲಿನಿಂದ ಆದೇಶ ಬಂತು. ನಮ್ಮ ಕೇಂದ್ರಕ್ಕೆ ಒಂದು ಸಿಂಧಿ ಹೋರಿ ಬರುತ್ತದೆ. ಅದು ಬರುವ ಮೊದಲು ಸುತ್ತಲಿನ ಊರುಗಳ ಎಲ್ಲ 'ತಳಿ ಇಲ್ಲದ' ಹೋರಿಗಳ ಬೀಜ ಒಡೆಯಬೇಕು. ಆಗ ದನಗಳೆಲ್ಲ ಸಿಂಧಿ ಹೋರಿಗೇ ಬರುತ್ತವೆ, ಹಾಲು ಹೆಚ್ಚುತ್ತದೆ, ಮಕ್ಕಳಿಗೆ ಹಾಲು ಸಿಗುತ್ತದೆ. ನಾನು ಅದನ್ನು ನಂಬಿದ್ದೆ. ನಮ್ಮ ಮಿಜಾರಿನಲ್ಲೂ ಹಾಲಿಲ್ಲದೆ ಗಂಜಿನೀರು ಕುಡಿದು ಬೆಳೆದ ಮಕ್ಕಳಿದ್ದರು, ನನ್ನ ತಮ್ಮನೇ ಒಬ್ಬ.

ಗೌಡರಿಗೆ ಹೇಳಿದಾಗ ಅವರು ಎದ್ದು ಹೋರಿಯ ಪಕ್ಕ ಹೋಗಿ ನಿಂತರು. "ಒಂದು ವರ್ಷ ಬಿಡಿ ಡಾಕ್ಟ್ರೇ. ಇದರ ಒಂದು ಗಂಡು ಕರು ದೊಡ್ಡದಾಗ್ಲಿ. ಮತ್ತೆ ಇದನ್ನು ಎಂತ ಬೇಕಾದ್ರೂ ಮಾಡಿ."

"ಆ ಕರುವನ್ನೂ ಒಡೆಯಬೇಕು ಗೌಡ್ರೇ. ಒಂದೂ ಉಳಿಯಬಾರದು ಅಂತ ಉಂಟು."

"ನನ್ನ ದನಗಳಿಗೆ ನಿಮ್ಮ ಹೋರಿ ಬೇಡ ಅಂತ ನಾನು ಬರೆದು ಕೊಟ್ರೆ?"

"ಹಾಗೆ ಬರೆದು ಕೊಡ್ಲಿಕ್ಕೆ ಇಲ್ಲ."

ಅವರು ಬೆಳ್ತಂಗಡಿಗೆ ಹೋದರು. ಅಲ್ಲಿ ಯಾರನ್ನು ಕಂಡರೋ, ಅವರು ಏನೆಂದರೋ, ನನಗೆ ಹೇಳಲಿಲ್ಲ. ಎರಡು ದಿನ ಹೋರಿ ಹಟ್ಟಿಗೆ ಬರಲಿಲ್ಲ. ಮೂರನೆಯ ದಿನ ಅವರೇ ಕೇಂದ್ರದ ಬಾಗಿಲಿಗೆ ಬಂದು, "ಕಾಡಿನಲ್ಲಿ ಕಟ್ಟಿ ಹಾಕಿದ್ದೆ. ಕಟ್ಟಿದಲ್ಲಿ ಮೇವಿಲ್ಲ, ಬಿಟ್ರೆ ಮನೆಗೇ ಬರ್ತದೆ. ಎಷ್ಟು ದಿನ ಅಂತ? ಬನ್ನಿ," ಎಂದರು.

ಬೀಜ ಒಡೆಯುವುದಕ್ಕೆ ನಮ್ಮಲ್ಲಿ ಉದ್ದ ಹಿಡಿಯ ಒಂದು ಇಕ್ಕಳ ಇತ್ತು. ರಕ್ತ ಬರುವುದಿಲ್ಲ, ಎರಡು ನಿಮಿಷದ ಕೆಲಸ. ಹೋರಿಯನ್ನು ಕೆಡವಲು ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿದ್ದೆ. ಅವರು ಬೇಡ ಎಂದು ಗೌಡರು ತಾವೇ ಅದರ ತಲೆ ಹಿಡಿದು ಕೂತರು. ಅದು ಅವರು ಹೇಳಿದ ಹಾಗೆ ಮಲಗಿತು. ನಾನು ಇಕ್ಕಳ ಒತ್ತಿದಾಗ ಅದು ಒಮ್ಮೆ ಕೂಗಿತು. ಗೌಡರು ಅದರ ಕಣ್ಣಿನ ಮೇಲೆ ಅಂಗೈ ಇಟ್ಟಿದ್ದರು. ಎದ್ದು ನಿಂತ ಮೇಲೆ ಅದು ಗುಡ್ಡೆಗೆ ಹೋಗಲಿಲ್ಲ. ಸಂಜೆಯವರೆಗೆ ಅಂಗಳದಲ್ಲೇ ಕಾಲು ಅಗಲಿಸಿ ನಿಂತಿತ್ತಂತೆ.

ಸಿಂಧಿ ಹೋರಿ ಲಾರಿಯಲ್ಲಿ ಬಂತು. ಕೆಂಪು ಮೈ, ದೊಡ್ಡ ಭುಜ, ಗಂಟಲಿನ ತೊಗಲು ಜೋತಾಡುತ್ತಿತ್ತು. ನೋಡಲು ಜನ ಸೇರಿದರು. ಗೌಡರ ನೆರೆಮನೆಯ ತುಕ್ರಪ್ಪ ಮೊದಲ ದನ ತಂದರು. ಅವರ ದನ ಊರ ದನಗಳಲ್ಲಿ ಸ್ವಲ್ಪ ದೊಡ್ಡದು. ನಾಲ್ಕನೆಯ ಕರುವಿಗೆ ಬಂದದ್ದು. ಅದು ಸುಖವಾಗಿ ಹೆಣ್ಣು ಕರು ಹಾಕಿತು. ಕರು ನೋಡಿದವರು ಕಣ್ಣು ತಾಗೀತು ಎಂದು ಹೆದರುವಷ್ಟು ಚೆಂದವಿತ್ತು. ತುಕ್ರಪ್ಪನವರಿಗೆ ರಸ್ತೆ ಬದಿಯಲ್ಲಿ ಜಾಗ, ಕಕ್ಕಿಂಜೆಯ ಹೋಟೆಲಿಗೆ ಹಾಲು ಹಾಕಬಹುದು, ನೀರಿನ ತೋಡು ಪಕ್ಕದಲ್ಲೇ ಇದ್ದು ಬೇಸಿಗೆಯಲ್ಲೂ ಹಸಿ ಹುಲ್ಲು ಉಂಟು. ಅವರಿಗೆ ಆ ದನ ಸರಿಯೇ. ಗೌಡರು ಕೂಡ ಹಾಗೆಂದರು.

ಆದರೆ ಗೌಡರು ತಮ್ಮ ದನಗಳನ್ನು ತರಲಿಲ್ಲ. ಒಂದೊಂದೇ ದನ ಬೆದೆಗೆ ಬಂದು, ಕೂಗಿ, ತಣಿದು ಹೋಯಿತು. ಹಾಲು ಬತ್ತುತ್ತಾ ಬಂತು. ಒಂದು ವರ್ಷ ಆ ಮನೆಯಲ್ಲಿ ಕರು ಹುಟ್ಟಲಿಲ್ಲ.

ಕೊನೆಗೆ ಅಮ್ಮಣಿಯಕ್ಕನೇ ಅಂದರಂತೆ, "ಮೂಕ ಪ್ರಾಣಿಗಳು ಹಟ್ಟಿಯಲ್ಲಿ ಹೀಗೆ ಅಳುವುದನ್ನು ನಾನು ಕೇಳಲಾರೆ. ಹಿಡ್ಕೊಂಡು ಹೋಗಿ." ಗೌಡರು ಬೊಳ್ಳಿ ಎಂಬ ಕಡಸನ್ನು ಹಿಡಿದುಕೊಂಡು ಬಂದರು. ಹಣೆಯಲ್ಲಿ ಬಿಳಿ ಬೊಟ್ಟಿದ್ದ, ಮೊದಲ ಸಲ ಬೆದೆಗೆ ಬಂದ ಕಡಸು; ಕಪ್ಪು ಹೋರಿಯ ಕೊನೆಯ ಮಗಳು.

ಅವರು ಹೋರಿಯನ್ನೂ ಕಡಸನ್ನೂ ಮತ್ತೆ ಮತ್ತೆ ನೋಡಿದರು. "ಡಾಕ್ಟ್ರೇ, ಇಷ್ಟು ದೊಡ್ಡದರ ಕರು ಇದರ ಹೊಟ್ಟೆಯಿಂದ ಹೊರಗೆ ಬರ್ತದಾ?"

ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ತುಕ್ರಪ್ಪನವರ ದನ ಕರು ಹಾಕಿದ್ದು ನನ್ನ ಕಣ್ಣೆದುರಿಗಿತ್ತು. "ಬರ್ತದೆ ಗೌಡ್ರೇ," ಎಂದೆ. "ಹೆದರಬೇಡಿ."

ಅವರು ಕಡಸನ್ನು ಕೇಂದ್ರದ ಅಂಗಳದ ಕಟ್ಟೆಯ ಮೇಲೆ, ಹೋರಿಗಿಂತ ಎತ್ತರದಲ್ಲಿ ನಿಲ್ಲಿಸಿದರು. ಇಲ್ಲದಿದ್ದರೆ ಆ ಹೋರಿಯ ಭಾರಕ್ಕೆ ಅದು ಕುಸಿಯುತ್ತಿತ್ತು.

ಮರುವರ್ಷದ ಆಟಿಯಲ್ಲಿ ಬೊಳ್ಳಿಗೆ ದಿನ ತುಂಬಿತು. ಒಂದು ಬೆಳಿಗ್ಗೆ ಗಂಜಿ ಕುಡಿಯುತ್ತಿದ್ದೆ; ಅಮ್ಮಣಿಯಕ್ಕ ತಾಳೆಗರಿಯ ಗೊರಬೆ ಹೊದ್ದು ಮಳೆಯಲ್ಲಿ ಓಡಿ ಬಂದರು. ಅವರ ಮಂಡಿಯವರೆಗೆ ಕೆಸರಿತ್ತು. "ಕರುವಿನ ಕಾಲು ಕಾಣ್ತದೆ, ಬರುವುದಿಲ್ಲ," ಎಂದರು. ನಾನು ಬ್ಯಾಗು ಹಿಡಿದು ಓಡಿದೆ.

ಎರಡು ಮುಂಗಾಲು ಹೊರಗೆ ಬಂದಿದ್ದವು. ಒಂದೊಂದು ಕಾಲೂ ಬೊಳ್ಳಿಯ ಕಾಲಿನಷ್ಟೇ ದಪ್ಪ. ನಾನು ಕೈ ತೊಳೆದು ಎಣ್ಣೆ ಹಚ್ಚಿ ಒಳಗೆ ಹಾಕಿದೆ. ಕರುವಿನ ತಲೆ ಸಿಕ್ಕಿತು, ಮೂಗು ಸಿಕ್ಕಿತು. ಬೆರಳನ್ನು ಬಾಯಿಗೆ ಇಟ್ಟಾಗ ಅದು ಚೀಪಿತು. ಜೀವ ಇತ್ತು. ಆದರೆ ಆ ತಲೆ ದಾಟಿ ಬರಲು ಅಲ್ಲಿ ಎಡೆ ಇರಲಿಲ್ಲ.

ಬೆಳ್ತಂಗಡಿಯಲ್ಲಿ ನಿಜವಾದ ಡಾಕ್ಟರಿದ್ದರು. ದಾರಿಯ ಮಧ್ಯದಲ್ಲಿ ಮರ ಬಿದ್ದು ಬಸ್ಸು ನಿಂತು ಎರಡು ದಿನವಾಗಿತ್ತು. ತುಕ್ರಪ್ಪ ನಡೆದೇ ಹೊರಟರು; ಹೊಳೆ ದಾಟಲಾಗದೆ ಮಧ್ಯಾಹ್ನಕ್ಕೆ ತಿರುಗಿ ಬಂದರು. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದೆ. ಕಾಲಿಗೆ ಹಗ್ಗ ಕಟ್ಟಿ, ದನ ತಿಣುಕಿದಾಗ ಎಳೆದು, ಬಿಟ್ಟಾಗ ಬಿಟ್ಟು, ಮತ್ತೆ ಎಣ್ಣೆ, ಮತ್ತೆ ಹಗ್ಗ. ಹೊಟ್ಟೆ ಕೊಯ್ದು ತೆಗೆಯುವ ಕ್ರಮ ಒಂದು ಉಂಟೆಂದು ಕೇಳಿದ್ದೆ, ನೋಡಿರಲಿಲ್ಲ. ನನ್ನ ಬ್ಯಾಗಿನಲ್ಲಿದ್ದದ್ದು ಅಯೋಡಿನ್, ಹತ್ತಿ, ಎರಡು ಸೂಜಿ.

ತುಕ್ರಪ್ಪ ತಿರುಗಿ ಬರುವ ಮೊದಲೇ, ಹನ್ನೊಂದು ಗಂಟೆಯ ಹೊತ್ತಿಗೆ, ಮತ್ತೆ ಕರುವಿನ ಬಾಯಿಗೆ ಬೆರಳಿಟ್ಟೆ. ಅದು ಚೀಪಲಿಲ್ಲ. ಗೌಡರು ನನ್ನ ಮುಖ ನೋಡಿ ತಿಳಿದುಕೊಂಡರು.

"ಇನ್ನು ಎಂತ ಮಾಡುವ ಡಾಕ್ಟ್ರೇ?" ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಏನಾದರೂ ಮಾಡಬಲ್ಲೆ ಎಂದು ಅವರು ಆಗಲೂ ನಂಬಿದ್ದರು.

"ನನಗೆ ಗೊತ್ತಿಲ್ಲ ಗೌಡ್ರೇ," ಎಂದೆ. "ನಾನು ಡಾಕ್ಟರಲ್ಲ."

ಮೂರು ಗಂಟೆಗೆ ನಾಲ್ಕು ಜನ ಸೇರಿ ಎಳೆದು ಸತ್ತ ಕರುವನ್ನು ತೆಗೆದೆವು. ಗಂಡು ಕರು. ಬೊಳ್ಳಿಗೆ ಏಳಲಾಗಲಿಲ್ಲ, ಹಿಂಗಾಲುಗಳಲ್ಲಿ ಸ್ವಾಧೀನವೇ ಇರಲಿಲ್ಲ. ಮಲಗಿದಲ್ಲಿಂದಲೇ ಕುತ್ತಿಗೆ ಚಾಚಿ ಕರುವನ್ನು ನೆಕ್ಕತೊಡಗಿತು. ಅಮ್ಮಣಿಯಕ್ಕ ಕರುವನ್ನು ಅದರ ಹತ್ತಿರಕ್ಕೆ ಸರಿಸಿಕೊಟ್ಟರು. ಎಷ್ಟು ಹೊತ್ತು ನೆಕ್ಕಿದರೂ ಕರು ಏಳಲಿಲ್ಲ. ಕೊನೆಗೆ ಬೊಳ್ಳಿ ನಮ್ಮನ್ನು ನೋಡಿತು.

ಮೂರು ದಿನ ಅದು ಹಾಗೇ ಇತ್ತು. ಗೌಡರು ಹೊತ್ತು ಹೊತ್ತಿಗೆ ಅದನ್ನು ಮಗ್ಗುಲು ಹೊರಳಿಸಿದರು. ಅಮ್ಮಣಿಯಕ್ಕ ಗಂಜಿ ಕುಡಿಸಿದರು. ನಾನು ದಿನವೂ ಹೋಗಿ ಸುಮ್ಮನೆ ಕೂತು ಬಂದೆ. ನಾಲ್ಕನೆಯ ಬೆಳಿಗ್ಗೆ ಹೋಗುವಾಗ ಗೌಡರು ಗುಡ್ಡೆಯ ಬದಿಯಲ್ಲಿ ಗುಂಡಿ ತೋಡುತ್ತಿದ್ದರು.

ಆ ವರ್ಷವೇ ಗೌಡರು ಊರ ಹೋರಿ ಹುಡುಕಲು ಹೊರಟರು. ಬಿಡುವಾದಾಗಲೆಲ್ಲ ಒಂದೊಂದು ದಿಕ್ಕಿಗೆ ನಡೆದರು. ಎಲ್ಲಿಯೂ ಇರಲಿಲ್ಲ. ನನ್ನಂಥವರು ಎಲ್ಲ ಊರಿಗೂ ಹೋಗಿದ್ದರು, ಎಲ್ಲರ ಕೈಯಲ್ಲೂ ಅದೇ ಇಕ್ಕಳ.

ಹೋರಿ ಕಂಡದ್ದು ನನಗೆ. ನಮ್ಮೂರ ಕಡೆಯ ಶಿರ್ತಾಡಿಯಲ್ಲಿ ಒಂದು ಮದುವೆಗೆ ಹೋಗಿದ್ದಾಗ, ಗುಡ್ಡೆಯ ಮೇಲೆ ಮೇಯುತ್ತಿದ್ದ ಸಣ್ಣ ಕಂದು ಹೋರಿಯೊಂದನ್ನು ನೋಡಿದೆ. ಬೀಜ ಒಡೆದಿರಲಿಲ್ಲ. ಸಫಿಯಮ್ಮ ಎಂಬ ಬ್ಯಾರಿ ವಿಧವೆಯದು. ಮನೆ ಹೊಳೆಯ ಆಚೆ, ದಾಟಲು ಒಂದು ಸಂಕವೂ ಇಲ್ಲದ ಕಡೆ. ಅಲ್ಲಿಗೆ ಯಾರೂ ಹೋಗಿರಲಿಲ್ಲ. ಕಂಡಿದ್ದನ್ನು ನಾನು ಮೇಲಿನವರಿಗೆ ತಿಳಿಸಬೇಕಿತ್ತು. ಗೌಡರಿಗೆ ತಿಳಿಸಿದೆ.

ದನವನ್ನು ಅಲ್ಲಿಗೆ ಕರೆದೊಯ್ಯುವ ಹಾಗಿರಲಿಲ್ಲ. ಬೆದೆ ಒಂದು ದಿನ ನಿಂತರೆ ಹೆಚ್ಚು, ದಾರಿ ಎರಡು ದಿನದ್ದು. ಆದ್ದರಿಂದ ಗೌಡರು ಒಂದು ಹೋರಿಕರು ಕೇಳಿ ತರಲು ಒಬ್ಬರೇ ನಡೆದು ಹೋದರು. ಸಫಿಯಮ್ಮನಲ್ಲಿ ವರ್ಷ ದಾಟಿದ ಎರಡು ಗಂಡು ಕರುಗಳಿದ್ದವು. ಗೌಡರು ಕೂಡಲೇ ಆರಿಸಲಿಲ್ಲ, ಒಂದು ಹಗಲಿಡೀ ಅವುಗಳ ತಾಯಂದಿರ ಹಿಂದೆ ಗುಡ್ಡೆಯಲ್ಲಿ ತಿರುಗಿದರು. ಸಂಜೆ ಬಂದು, ಬಡಕಲಾಗಿದ್ದ ಕರುವನ್ನು ತೋರಿಸಿದರು.

"ಇದಾ ಗೌಡ್ರೇ? ಇನ್ನೊಂದು ಗುಂಡುಗುಂಡಾಗಿ ಉಂಟಲ್ಲ," ಎಂದರಂತೆ ಸಫಿಯಮ್ಮ.

"ಇದರ ತಾಯಿ ಮುಳ್ಳು ಸರಿಸಿ ಒಳಗಿನ ಹುಲ್ಲು ತಿನ್ತದೆ. ನನಗೆ ಅದು ಬೇಕು."

ಬದಲಿಗೆ ಒಂದು ಕಡಸು ತಂದುಕೊಡುತ್ತೇನೆ ಎಂದು ಗೌಡರು ಹೇಳಿದರೂ ಸಫಿಯಮ್ಮ ಒಪ್ಪಲಿಲ್ಲ. "ಹೋರಿಕರು ಕೇಳ್ಕೊಂಡು ಇಷ್ಟು ದೂರ ಯಾರು ಬರ್ತಾರೆ? ಹಿಡ್ಕೊಂಡು ಹೋಗಿ," ಎಂದು ದಾರಿಗೆ ಗೌಡರಿಗೆ ಅವಲಕ್ಕಿ, ಕರುವಿಗೆ ಒಂದು ಹೊರೆ ಹುಲ್ಲು ಕಟ್ಟಿಕೊಟ್ಟರು.

ಆ ಎರಡು ವರ್ಷ ಗೌಡರು ಮತ್ತೆ ಮೊದಲಿನ ಮನುಷ್ಯರಂತೆ ಕಂಡರು. ಕರು ಬೆಳೆದು ಹೋರಿಯಾಯಿತು. ನಾನು ಪಟ್ಟಿ ಬರೆಯುವಾಗ ಅದನ್ನು ಕೈಬಿಟ್ಟೆ. ಅರವತ್ತಮೂರರ ಮೇ ತಿಂಗಳೊಳಗೆ ಅದಕ್ಕೆ ಎರಡು ಕರು ಹುಟ್ಟಿದವು, ಎರಡೂ ಹೆಣ್ಣು. ಹೆಣ್ಣು ಕರು ಹುಟ್ಟಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡವರನ್ನು ನಾನು ಕಂಡದ್ದು ಅದೊಂದೇ ಮನೆಯಲ್ಲಿ. "ಬರುವ ವರ್ಷ ಗಂಡು ಆಗ್ತದೆ," ಎಂದರು ಅಮ್ಮಣಿಯಕ್ಕ.

ಜೂನಿನಲ್ಲಿ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದವನು ಒಳ್ಳೆಯ ಕೆಲಸಗಾರ, ಮನೆ ಮನೆ ನಡೆದು ನೋಡುವವನು. ಅವನಿಗೆ ಬೀಗದ ಕೈ, ದಾಖಲೆ, ಔಷಧಿ ಎಲ್ಲ ಒಪ್ಪಿಸಿದೆ. ನೀರಪಲ್ಕೆಯ ಹೋರಿಯ ಮಾತು ನಾಲಗೆಯವರೆಗೆ ಬಂತು. ಹೇಳಿದರೆ ಪಟ್ಟಿಯಲ್ಲಿ ಅದನ್ನು ಬಿಟ್ಟದ್ದು ನಾನೇ ಎಂದಾಗುತ್ತಿತ್ತು. ನನಗೆ ಆಗಷ್ಟೇ ಮದುವೆಯಾಗಿತ್ತು, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಾನು ಹೇಳಲಿಲ್ಲ.

ಆಗಸ್ಟಿನಲ್ಲಿ ಅವನು ನೀರಪಲ್ಕೆಗೆ ಹೋದ. ಹೋರಿಯನ್ನು ಕಂಡ. ನಾನು ಮಾಡಿದ್ದನ್ನೇ ಅವನೂ ಮಾಡಿದ. ಗೌಡರು, "ಮೊದಲಿನ ಡಾಕ್ಟ್ರು ನಿಮಗೆ ಹೇಳಿದ್ದಾರಲ್ಲ?" ಎಂದು ಮತ್ತೆ ಮತ್ತೆ ಕೇಳಿದರಂತೆ. ಇದನ್ನು ನನಗೆ ಹೇಳಿದ್ದು, ಬಂಟ್ವಾಳದ ಪೇಟೆಗೆ ಬಂದಿದ್ದ ತುಕ್ರಪ್ಪ.

ಗೌಡರನ್ನು ನಾನು ಕೊನೆಗೆ ಕಂಡದ್ದು ಅರವತ್ತೇಳರಲ್ಲಿ, ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ. ಪಕ್ಕದಲ್ಲಿ ಹಿಂಡಿಯ ಚೀಲ ಇಟ್ಟುಕೊಂಡು ಕೂತಿದ್ದರು. ತೀರಾ ಇಳಿದುಹೋಗಿದ್ದರು. ನಾನು ತಪ್ಪಿಸಿಕೊಂಡು ಹೋಗಬಹುದಿತ್ತು. ಅಷ್ಟರಲ್ಲಿ ಅವರೇ ಎದ್ದು ನಿಂತು ಕೈಮುಗಿದರು.

ಊರ ದನ ಈಗ ಎರಡೇ ಉಳಿದಿವೆ, ಎರಡೂ ಮುದಿ, ಎಂದರು. ಸಫಿಯಮ್ಮನ ಹೋರಿಗೆ ಹುಟ್ಟಿದ್ದ ಎರಡು ಕಡಸುಗಳಲ್ಲಿ ಒಂದು ಬೊಳ್ಳಿಯ ಹಾಗೆಯೇ ಹೋಯಿತು. ಇನ್ನೊಂದನ್ನು ಹೋರಿಗೆ ಬಿಡದೆ ಹಾಗೇ ಇಟ್ಟುಕೊಂಡಿದ್ದರು, ಅದು ಕಾಲುಬಾಯಿ ಜ್ವರಕ್ಕೆ ಸಿಕ್ಕಿತು. ಈಗ ತುಕ್ರಪ್ಪನವರಿಂದ ತಂದ ಸಿಂಧಿ ಮಿಶ್ರದ ದನ ಒಂದು ಉಂಟು. ಹಾಲು ಕೊಡುತ್ತದೆ. ಗುಡ್ಡೆಗೆ ಹೋಗುವುದಿಲ್ಲ. ಅಮ್ಮಣಿಗೆ ಸೊಂಟ ನೋವು, ಹುಲ್ಲು ಹೆರೆಯಲಾಗುವುದಿಲ್ಲ, ತಾನೇ ಹೆರೆಯಬೇಕು. ಹಾಲು ಒಯ್ದು ಹಾಕಲು ಕಕ್ಕಿಂಜೆಗೆ ಎರಡು ಮೈಲು ನಡೆಯಬೇಕು. ಗದ್ದೆಗೆ ಗೊಬ್ಬರ ಸಾಲುವುದಿಲ್ಲ.

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಗೌಡ್ರೇ, ಆ ಹೊಸಬನಿಗೆ ನಾನು..."

"ನೀವು ಹೇಳಿರ್ತೀರಿ, ಅವರು ಕೇಳಲಿಲ್ಲ," ಎಂದರು ಅವರು. "ನಿಮ್ಮ ಕೈಯಲ್ಲಿ ಎಂತ ಉಂಟು?"

ಅವರಿಗೆ ನಿಜ ಹೇಳುವ ಧೈರ್ಯ ಆಗಲೂ ಬರಲಿಲ್ಲ.

ಬಸ್ಸು ಬಂತು. ಚೀಲವನ್ನು ಮೇಲೆ ಹಾಕಿಸುತ್ತಿದ್ದಾಗ ಅವರು ನನ್ನ ತೋಳು ಹಿಡಿದು ಕೇಳಿದರು, "ಡಾಕ್ಟ್ರೇ, ಸರಕಾರದವರ ಹತ್ರ ಎಲ್ಲಿಯಾದ್ರೂ ಒಂದು ಊರ ಹೋರಿ ಇಟ್ಟಿರಬಹುದಾ? ಬೇರೆ ಬೇರೆ ಕಡೆಯದ್ದೆಲ್ಲ ಇಡ್ತಾರಲ್ಲ. ಇದ್ದರೆ ಒಂದು ವರ್ಷದ ಮಟ್ಟಿಗೆ ಕೊಟ್ರೆ ಸಾಕು. ನಾನು ಚೆನ್ನಾಗಿ ನೋಡ್ಕೊಳ್ತೇನೆ."

ಅಂಥದ್ದು ಎಲ್ಲಿಯೂ ಇಲ್ಲವೆಂದು ನನಗೆ ಗೊತ್ತಿತ್ತು. "ಕೇಳಿ ನೋಡ್ತೇನೆ ಗೌಡ್ರೇ," ಎಂದೆ.

ಮರುದಿನ ಕೂತು ಅರ್ಜಿ ಬರೆದೆ. ಅವರ ಹೆಸರು, ಊರು, ಬೇಕಾದ ಹೋರಿಯ ಎತ್ತರ, ಬಣ್ಣ, ಗೊರಸು ಹೇಗಿರಬೇಕು, ತಾಯಿ ಎಂಥದ್ದಾಗಿರಬೇಕು, ಅವರು ನನಗೆ ಹೇಳಿದ್ದನ್ನೆಲ್ಲ ಎರಡು ಪುಟ ಬರೆದೆ. ಮೇಲಿನವರು ಅದನ್ನು ಓದಿ ನನ್ನ ಮುಖ ನೋಡಿದರು, ಸಹಿ ಹಾಕದೆ ಮೇಜಿನ ಬದಿಗೆ ಇಟ್ಟರು. ತಿಂಗಳ ನಂತರ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ. ಎರಡನೆಯ ಅರ್ಜಿಯನ್ನು ನಾನು ಬರೆಯಲಿಲ್ಲ. ಆ ವರ್ಷವೂ ಅದರ ಮರುವರ್ಷವೂ, ಬೆಳ್ತಂಗಡಿ ಕಡೆಯಿಂದ ಬರುವ ಪರಿಚಯದವರಲ್ಲಿ ಗೌಡರು ಕೇಳಿ ಕಳುಹಿಸುತ್ತಿದ್ದರು, ಹೋರಿಯ ಸುದ್ದಿ ಏನಾದರೂ ಬಂತೇ ಎಂದು. ಇನ್ನೂ ಬಂದಿಲ್ಲ ಎಂದು ನಾನು ಹೇಳಿ ಕಳುಹಿಸುತ್ತಿದ್ದೆ.